ಉರಿ ಕಾಣದ ಒಲೆ

ಕನ್ನಡದ ಅಡುಗೆಮನೆಯ ನುಡಿಗಟ್ಟೆಲ್ಲವೂ ಉರಿಯ ಸುತ್ತ ಹುಟ್ಟಿ ಬೆಳೆದದ್ದು. ಒಲೆ ಹತ್ತಿಸುವುದು, ಉರಿ ಹೆಚ್ಚಿಸುವುದು, ಉರಿ ತಗ್ಗಿಸುವುದು, ಸಣ್ಣ ಉರಿಯಲ್ಲಿ ಕುದಿಸುವುದು, ಒಲೆ ಆರಿಸುವುದು, ಈ ಮಾತುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಅದರ ಹಿಂದೆ ಕಣ್ಣಿಗೆ ಕಾಣುವ ಬೆಂಕಿಯೊಂದಿದೆ. ಮೂರು ಕಲ್ಲಿನ ಒಲೆಯಿಂದ ಕೋಡೊಲೆಗೆ, ಅಲ್ಲಿಂದ ಇದ್ದಿಲ ಒಲೆಗೆ, ಸೀಮೆಎಣ್ಣೆಯ ಸ್ಟೌವಿಗೆ, ಕಡೆಗೆ ಗ್ಯಾಸಿನ ಒಲೆಗೆ ಕನ್ನಡಿಗರ ಮನೆಗಳು ಸಾಗಿ ಬಂದಾಗಲೂ ಬೆಂಕಿ ಮಾತ್ರ ಕಣ್ಣೆದುರಿಗೇ ಉಳಿದಿತ್ತು. ಹೊಸದಾಗಿ ಅಡುಗೆ ಕಲಿಯುವವರಿಗೆ ಮನೆಯ ಹಿರಿಯರು ಹೇಳಿಕೊಡುತ್ತಿದ್ದ ಮೊದಲ ಪಾಠವೂ "ಉರಿ ನೋಡಿಕೋ" ಎಂಬುದೇ.

ಈಗ ನಗರಗಳ ಅನೇಕ ಮನೆಗಳಿಗೆ ಉರಿಯೇ ಇಲ್ಲದ ಒಲೆ ಬಂದು ನೆಲಸಿದೆ. ಕನ್ನಡಿಯಂತೆ ನುಣುಪಾದ ಕಪ್ಪು ಗಾಜಿನ ಹಲಗೆ. ಅದರ ಮೇಲೆ ಒಂದೆರಡು ವರ್ತುಲಗಳ ಗುರುತು. ಬೆರಳು ಸೋಕಿದರೆ ಬೆಳಗುವ ಅಂಕಿಗಳು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮನೆಗಳಲ್ಲಿ ಇದು ಬಹುಮಟ್ಟಿಗೆ 'ಇಂಡಕ್ಷನ್ ಒಲೆ'ಯಾಗಿ, ಗ್ಯಾಸಿನ ಒಲೆಯ ಪಕ್ಕದಲ್ಲಿ ಎರಡನೆಯದಾಗಿ ನಿಂತಿದೆ. ಉದ್ಯೋಗಕ್ಕಾಗಿ ಇಂಗ್ಲೆಂಡ್, ಜರ್ಮನಿ, ಅಮೆರಿಕಗಳಿಗೆ ಹೋದ ಕನ್ನಡಿಗರಲ್ಲಿ ಹಲವರಿಗೆ ಬಾಡಿಗೆಯ ಮನೆಯೊಳಗೆ ಕಾಲಿಟ್ಟಾಗ ಎದುರಾಗುವ ಏಕೈಕ ಒಲೆಯೇ ಇದಾಗಿರುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ, ಅನಿಲ ಸೋರುವ ಭಯವಿಲ್ಲ. ಆದರೆ ಬೆಂಕಿ ಕಾಣದಿರುವುದು ಈ ಒಲೆಯ ಗುಣವೂ ಹೌದು, ಅಪಾಯವೂ ಹೌದು. ಉರಿಯುವ ಒಲೆ ತಾನು ಬಿಸಿಯಾಗಿರುವೆನೆಂದು ತಾನೇ ಸಾರುತ್ತದೆ. ಈ ಗಾಜು ಕಾದಾಗಲೂ ತಣಿದಾಗಲೂ ಬಹುಪಾಲು ಒಂದೇ ಮುಖವನ್ನು ತೋರಿಸುತ್ತದೆ. ಇದುವರೆಗೆ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತಿಳಿವಳಿಕೆ ಮಾಡಬೇಕಾಗುತ್ತದೆ. ಗಾಜಿನ ಸ್ವಭಾವವನ್ನೂ ಅದರ ಕೆಳಗೆ ನಡೆಯುವ ವ್ಯಾಪಾರವನ್ನೂ ಅರಿತುಕೊಂಡರೆ ಉಳಿದ ನಿಯಮಗಳು ಬಾಯಿಪಾಠದ ಹಂಗಿಲ್ಲದೆ ಹೊಳೆಯುತ್ತವೆ.

ಕಾವಿಗೆ ಅಂಜದ ಗಾಜು

ಸಾಮಾನ್ಯ ಗಾಜಿನ ಲೋಟಕ್ಕೆ ಕುದಿಯುವ ನೀರು ಸುರಿದರೆ ಅದು ಬಿರಿಯುವುದು ಎಲ್ಲರೂ ಬಲ್ಲ ಸಂಗತಿ. ಒಳಮೈ ಕಾದು ಹಿಗ್ಗುತ್ತದೆ. ಹೊರಮೈ ಇನ್ನೂ ತಣ್ಣಗಿದ್ದು ಹಿಗ್ಗಲೊಲ್ಲದು. ಈ ಜಗ್ಗಾಟದಲ್ಲಿ ಗಾಜು ಸೀಳುತ್ತದೆ. ಹಾಗಿದ್ದಮೇಲೆ ಗಾಜಿನ ಮೇಲೆ ಅಡುಗೆ ಮಾಡುವುದು ಹೇಗೆ ಸಾಧ್ಯವಾಯಿತು?

ಇದರ ಬಾಗಿಲು ತೆರೆದದ್ದು ಒಂದು ಆಕಸ್ಮಿಕದಿಂದ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಎಂಬವರು ಗಾಜಿನ ತುಂಡೊಂದನ್ನು 600 ಡಿಗ್ರಿ ಸೆಲ್ಸಿಯಸಿಗೆ ಕಾಯಿಸಲೆಂದು ಕುಲುಮೆಯಲ್ಲಿಟ್ಟರು. ನಿಯಂತ್ರಕ ಕೆಟ್ಟು ಕುಲುಮೆಯ ಕಾವು 900 ಡಿಗ್ರಿಗೆ ಏರಿಬಿಟ್ಟಿತು. ಗಾಜು ಕರಗಿ ಹರಿದು ಕುಲುಮೆಯೇ ಹಾಳಾಗಿರಬೇಕೆಂದು ಭಾವಿಸಿ ಬಾಗಿಲು ತೆರೆದರೆ, ಒಳಗಿದ್ದುದು ಆಕಾರ ಕೆಡದ, ಹಾಲಿನಂತೆ ಬಿಳುಪಾದ ಒಂದು ಹಲಗೆ. ಇಕ್ಕಳದಿಂದ ತೆಗೆಯುವಾಗ ಅದು ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ, ಲೋಹದಂತೆ ಸದ್ದು ಮಾಡಿತು. ಗಾಜಿನೊಳಗೆ ಅಸಂಖ್ಯವಾದ ಸೂಕ್ಷ್ಮ ಸ್ಫಟಿಕಗಳು ಹುಟ್ಟಿಕೊಂಡು ಅದು ಅರೆ ಗಾಜು, ಅರೆ ಪಿಂಗಾಣಿಯಂಥ ಹೊಸ ವಸ್ತುವಾಗಿತ್ತು. ಗ್ಲಾಸ್ ಸೆರಾಮಿಕ್ ಎಂಬ ಕುಲಕ್ಕೆ ಇದು ಮೂಲಪುರುಷ. 1958ರಲ್ಲಿ ಇದೇ ಶೋಧದ ಫಲವಾಗಿ ಒಲೆಯ ಮೇಲಿಡಬಲ್ಲ ಬಿಳಿಯ ಪಾತ್ರೆಗಳು ಮಾರುಕಟ್ಟೆಗೆ ಬಂದವು. 1971ರಲ್ಲಿ ಜರ್ಮನಿಯ ಷಾಟ್ ಕಂಪನಿ ಇಂಥ ಗಾಜಿನ ಒಲೆಹಲಗೆಯನ್ನು ಜನರ ಮುಂದಿಟ್ಟಿತು.

ಒಲೆಯ ಗಾಜಿನಲ್ಲಿ ಲಿಥಿಯಂ, ಅಲ್ಯೂಮಿನಿಯಂ, ಸಿಲಿಕಾನ್‌ಗಳ ಆಕ್ಸೈಡುಗಳು ಮುಖ್ಯ. ಅದರೊಳಗಿನ ಸ್ಫಟಿಕಗಳಿಗೆ ಒಂದು ವಿಚಿತ್ರ ಗುಣವಿದೆ: ಕಾದಾಗ ಅವು ಹಿಗ್ಗುವುದಕ್ಕೆ ಬದಲಾಗಿ ತುಸು ಕುಗ್ಗುತ್ತವೆ. ಸುತ್ತಲಿನ ಗಾಜು ಎಂದಿನಂತೆ ಹಿಗ್ಗುತ್ತದೆ. ಹಿಗ್ಗಿಗೆ ಕುಗ್ಗು ಸರಿಹೋಗಿ ಒಟ್ಟು ಹಲಗೆ ಹೆಚ್ಚುಕಡಮೆ ಇದ್ದಂತೆಯೇ ಇರುತ್ತದೆ. ಎಳೆದಾಟವೇ ಇಲ್ಲದ ಕಡೆ ಬಿರುಕೆಲ್ಲಿಯದು? ಒಳ್ಳೆಯ ಸೆರಾಮಿಕ್ ಗಾಜು ಸುಮಾರು 700 ಡಿಗ್ರಿಯ ಕಾವನ್ನು ತಾಳಬಲ್ಲದು. ಹವಾಯಿ ದ್ವೀಪದ ಕೆಕ್ ದೂರದರ್ಶಕದ ಕನ್ನಡಿಯ 36 ತುಂಡುಗಳನ್ನು ಮಾಡಿರುವುದೂ ಇದೇ ಬಳಗದ ಗಾಜಿನಿಂದ. ಹಗಲಿರುಳಿನ ಕಾವಿನ ಏರಿಳಿತಕ್ಕೆ ಕನ್ನಡಿಯ ಆಕಾರ ಕೆಡಬಾರದೆಂಬುದು ಅಲ್ಲಿನ ಉದ್ದೇಶ.

ಇನ್ನೊಂದು ಗುಣವೂ ಅಡುಗೆಗೆ ಒದಗಿಬಂದಿದೆ. ಕಾವು ಈ ಗಾಜಿನಲ್ಲಿ ಅಡ್ಡಡ್ಡಲಾಗಿ ಬಹಳ ನಿಧಾನವಾಗಿ ಹರಡುತ್ತದೆ. ಆದುದರಿಂದ ವರ್ತುಲದೊಳಗೆ ಸಾರು ಕುದಿಯುತ್ತಿರುವಾಗಲೂ ಅದರಿಂದ ಗೇಣು ದೂರದ ಗಾಜು ಅಷ್ಟಾಗಿ ಬಿಸಿಯಾಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಅಂಗಡಿಗಳಲ್ಲಿ 'ಗ್ಲಾಸ್ ಟಾಪ್' ಎಂದು ಮಾರುವ ಗ್ಯಾಸಿನ ಒಲೆಗಳ ಗಾಜು ಬೇರೆ ಜಾತಿಯದು. ಅದು ಸಾಮಾನ್ಯ ಗಾಜನ್ನೇ ಕಾಯಿಸಿ, ಒಮ್ಮೆಲೇ ತಂಪುಗೊಳಿಸಿ ಬಿರುಸು ಮಾಡಿದ 'ಟಫನ್ಡ್ ಗ್ಲಾಸ್'. ಅಲ್ಲಿ ಗಾಜು ಬರಿಯ ಮೇಲುಹೊದಿಕೆ. ಪಾತ್ರೆ ಕೂರುವುದು ಕಬ್ಬಿಣದ ಕಾಲುಗಳ ಮೇಲೆ. ಕಾದ ಬಾಣಲೆಯನ್ನು ಇಳಿಸಿ ನೇರವಾಗಿ ಅದರ ಮೇಲಿಟ್ಟರೆ ಅದು ಸಿಡಿದು ಚೂರುಚೂರಾಗಬಹುದು. ಹೆಸರು ಒಂದೇ ಎಂದು ಎರಡನ್ನೂ ಒಂದೇ ರೀತಿ ನಡೆಸಿಕೊಳ್ಳತಕ್ಕದ್ದಲ್ಲ.

ಗಾಜಿನ ಕೆಳಗೆ ನಡೆಯುವುದೇನು?

ಮೇಲಿನಿಂದ ನೋಡಿದರೆ ಅವಳಿಗಳಂತೆ ತೋರುವ ಈ ಒಲೆಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಗಾಜಿನಡಿಯ ತಂತಿಯ ಪಟ್ಟಿ ವಿದ್ಯುತ್ತಿನಿಂದ ಕೆಂಪಗೆ ಕಾಯುತ್ತದೆ. ಅದರಿಂದ ಹೊರಟ ಅವಕೆಂಪು ಕಿರಣಗಳು ಗಾಜನ್ನು ಹಾದು ಪಾತ್ರೆಯ ತಳವನ್ನು ಮುಟ್ಟುತ್ತವೆ. ಗಾಜೂ ಹಲವು ನೂರು ಡಿಗ್ರಿಗಳವರೆಗೆ ಕಾಯುತ್ತದೆ. ವಿದೇಶದ ಮನೆಗಳಲ್ಲಿ ಸಾಮಾನ್ಯವಾಗಿರುವುದೂ, ಇಲ್ಲಿ 'ಇನ್‌ಫ್ರಾರೆಡ್ ಒಲೆ' ಎಂದು ಮಾರಾಟವಾಗುವುದೂ ಇದೇ. ಅಡುಗೆಯ ನಡುವೆ ಕೆಂಪು ಬೆಳಕು ಆಗಾಗ್ಗೆ ಆರಿ ಮತ್ತೆ ಹೊತ್ತುವುದನ್ನು ಕಂಡು ಒಲೆ ಕೆಟ್ಟಿತೆಂದು ಗಾಬರಿಪಡುವವರುಂಟು. ಅದು ಕೆಟ್ಟದ್ದಲ್ಲ, ಗಾಜಿನ ಕಾವು ಮಿತಿಮೀರದಂತೆ ಒಳಗಿನ ಕಾವಲುಗಾರ ಸಾಧನವು ವಿದ್ಯುತ್ತನ್ನು ಕಡಿದು ಕೂಡಿಸುತ್ತಿರುತ್ತದೆ.

ಎರಡನೆಯದು ಇಂಡಕ್ಷನ್ ಒಲೆ. ಇದರಲ್ಲಿ ಗಾಜಿನ ಕೆಳಗಿರುವುದು ತಾಮ್ರದ ತಂತಿಯ ಸುರುಳಿ. ಅದರಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿದಾಗ ಅಷ್ಟೇ ವೇಗವಾಗಿ ಬದಲಾಗುವ ಅಯಸ್ಕಾಂತ ಕ್ಷೇತ್ರ ಏಳುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮದಂತೆ ಆ ಕ್ಷೇತ್ರವು ಪಾತ್ರೆಯ ತಳದಲ್ಲಿ ಸುಳಿಸುಳಿಯಾಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಪಾತ್ರೆ ತನ್ನ ಮೈಯಲ್ಲಿಯೇ ಕಾಯುತ್ತದೆ. ಇಲ್ಲಿ ಒಲೆಯಿಂದ ಪಾತ್ರೆ ಬಿಸಿಯಾಗುವುದಲ್ಲ, ಪಾತ್ರೆಯಿಂದ ಗಾಜು ಬಿಸಿಯಾಗುತ್ತದೆ. "ಇಂಡಕ್ಷನ್ ಒಲೆ ಸುಡುವುದಿಲ್ಲ" ಎಂಬ ಜನಜನಿತ ಮಾತು ಅರೆಸತ್ಯವಾಗುವುದು ಇಲ್ಲಿಯೇ. ಅರ್ಧ ಗಂಟೆ ದೋಸೆ ಹುಯ್ದ ಕಾವಲಿಯನ್ನು ಎತ್ತಿದೊಡನೆ ಅದರಡಿಯ ಗಾಜು ಕೈಯನ್ನು ಖಂಡಿತವಾಗಿ ಸುಡುತ್ತದೆ.

ಪಾತ್ರೆಯ ಆಯ್ಕೆ

ಬೆಂಕಿ ಹೊಂದಿಕೊಳ್ಳುವ ಗುಣದ್ದು. ಪಾತ್ರೆ ಉರುಟಾಗಿರಲಿ, ನೆಗ್ಗಿರಲಿ, ನಾಲಗೆ ಚಾಚಿ ತಳವನ್ನು ಮುಟ್ಟುತ್ತದೆ. ಗಾಜಿನ ಒಲೆಗೆ ಆ ಔದಾರ್ಯವಿಲ್ಲ. ಪಾತ್ರೆಯ ತಳ ಸಮತಟ್ಟಾಗಿದ್ದು ಗಾಜಿಗೆ ಒತ್ತಿ ಕೂರಬೇಕು. ಉರುಟು ತಳದ ಬಾಣಲೆ ಒಂದು ಬಿಂದುವಿನಲ್ಲಿ ಮಾತ್ರ ತಾಗುವುದರಿಂದ ನಡುವೆ ಸೀದು ಸುತ್ತ ಹಸಿಯಾಗಿ ಉಳಿಯುತ್ತದೆ. ತಳ ಒಪ್ಪವಾಗಿದೆಯೇ ಎಂದು ತಿಳಿಯಲು ಅಳತೆಪಟ್ಟಿಯೊಂದನ್ನು ಅದರ ಮೇಲೆ ಅಡ್ಡವಾಗಿಟ್ಟು ಬೆಳಕು ತೂರುವುದೇ ಎಂದು ನೋಡಿದರೆ ಸಾಕು.

ಇಂಡಕ್ಷನ್ ಒಲೆಗಾದರೆ ಇನ್ನೊಂದು ಪರೀಕ್ಷೆಯಿದೆ. ಪಾತ್ರೆಯ ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಹಿಡಿದುಕೊಂಡರೆ ಅದು ಒಲೆಗೆ ಯೋಗ್ಯ, ಜಾರಿದರೆ ಅಯೋಗ್ಯ. ಕಬ್ಬಿಣದ ಕಾವಲಿ, ಎನಾಮಲ್ ಪಾತ್ರೆ, ಕಬ್ಬಿಣದ ಪದರವುಳ್ಳ ತಳದ ಸ್ಟೀಲ್ ಪಾತ್ರೆ ಇವು ಸಲ್ಲುತ್ತವೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಮಣ್ಣಿನ ಮಡಕೆ, ಮಲೆನಾಡಿನ ಕಲ್ಲಿನ ಮರಿಗೆ ಸಾಧಾರಣವಾಗಿ ಸಲ್ಲವು. ತವರಿನಿಂದ ಬಂದ ಹಿತ್ತಾಳೆಯ ಪಾತ್ರೆಯನ್ನು ಬಿಡಲಾರದವರು ಅದಕ್ಕಾಗಿ ಗ್ಯಾಸಿನ ಒಲೆಯನ್ನು ಉಳಿಸಿಕೊಳ್ಳುವುದೇ ಲೇಸು. ಸುಟ್ಟ ಬದನೆಕಾಯಿಯ ಗೊಜ್ಜಿಗೂ ಕೆಂಡದ ಹಪ್ಪಳಕ್ಕೂ ಈ ಒಲೆಯಲ್ಲಿ ದಾರಿಯಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಪಾತ್ರೆಯ ಅಗಲ ವರ್ತುಲದ ಅಗಲಕ್ಕೆ ಹತ್ತಿರವಾಗಿರಬೇಕು. ದೊಡ್ಡ ವರ್ತುಲದ ಮೇಲೆ ಸಣ್ಣ ಪಾತ್ರೆಯಿಟ್ಟರೆ ಕಾವು ಪೋಲು. ಸಣ್ಣ ವರ್ತುಲದ ಮೇಲೆ ಅಗಲವಾದ ಕಾವಲಿಯಿಟ್ಟರೆ ದೋಸೆಯ ನಡುಭಾಗ ಕೆಂಪಾಗಿ ಅಂಚು ಬಿಳಿಚಿಕೊಂಡಿರುತ್ತದೆ. ದಪ್ಪ ಕಬ್ಬಿಣದ ಕಾವಲಿಯನ್ನು ಮೊದಲು ನಾಲ್ಕೈದು ನಿಮಿಷ ಮಧ್ಯಮ ಕಾವಿನಲ್ಲಿಟ್ಟು ಬಿಸಿ ಅಂಚಿನವರೆಗೆ ಹರಡಲು ಬಿಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ. ಆತುರದಿಂದ ಪೂರ್ಣ ಶಕ್ತಿಗೆ ಏರಿಸಿದರೆ ತೆಳು ತಳದ ಕಾವಲಿ ಉಬ್ಬಿ, ಗಾಜಿನ ಮೇಲೆ ತೊಟ್ಟಿಲಂತೆ ತೂಗತೊಡಗುತ್ತದೆ.

ಹದ ಕಲಿಯುವ ಬಗೆ

ಉರಿಯ ಎತ್ತರವನ್ನು ನೋಡಿ ಹದ ತಿಳಿಯುತ್ತಿದ್ದವರಿಗೆ ಅಂಕಿಗಳ ಭಾಷೆ ಮೊದಮೊದಲು ಪರಕೀಯವೆನಿಸುವುದು ಸಹಜ. ಅದಕ್ಕೆ ಉಪಾಯವೆಂದರೆ ನೀರಿನ ಪರೀಕ್ಷೆ. ಒಂದು ಲೀಟರ್ ನೀರನ್ನು ಮುಚ್ಚಳ ಮುಚ್ಚಿಟ್ಟು ಯಾವ ಅಂಕಿಯಲ್ಲಿ ಅದು ಮರಳುತ್ತದೆ, ಯಾವ ಅಂಕಿಯಲ್ಲಿ ಸಣ್ಣಗೆ ಕುದಿಯುತ್ತದೆ, ಯಾವುದರಲ್ಲಿ ಬರಿದೆ ಬಿಸಿಯಾಗಿರುತ್ತದೆ ಎಂದು ಒಮ್ಮೆ ಗುರುತು ಹಾಕಿಕೊಂಡರೆ ಮುಂದೆ ಊಹೆಯ ಅಗತ್ಯ ಬೀಳದು.

ನೀರು ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟು ಕಾವು ಕೊಟ್ಟರೂ ಅದರ ಉಷ್ಣತೆ ಏರುವುದಿಲ್ಲ. ಸಮುದ್ರಮಟ್ಟದಲ್ಲಿ 100 ಡಿಗ್ರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97. ಹೆಚ್ಚಿನ ಶಕ್ತಿಯೆಲ್ಲ ಹಬೆಯಾಗಿ ಹೋಗುತ್ತದೆಯೇ ಹೊರತು ಬೇಳೆಯನ್ನು ಬೇಗ ಬೇಯಿಸುವುದಿಲ್ಲ. ಕುಕ್ಕರಿನ ವಿಷಯದಲ್ಲಿಯೂ ಹೀಗೆಯೇ. ಇಂಡಕ್ಷನ್ ಒಲೆಯ ಮೇಲೆ ಅದು ಬೇಗ ಬೇಗ ಕೂಗುತ್ತದೆ. ಗ್ಯಾಸಿನ ಲೆಕ್ಕದಲ್ಲಿ ಮೂರು ಕೂಗಿಗೇ ಇಳಿಸಿದರೆ ತೊಗರಿಬೇಳೆ ಗಟ್ಟಿಯಾಗಿಯೇ ಉಳಿದಿರಬಹುದು. ಬೇಯಿಸುವುದು ಕೂಗಿನ ಸಂಖ್ಯೆಯಲ್ಲ, ಒತ್ತಡದಲ್ಲಿ ಕಳೆದ ಸಮಯ. ಮೊದಲ ಕೂಗಿನ ನಂತರ ಅಂಕಿಯನ್ನು ತಗ್ಗಿಸಿ ಗಡಿಯಾರ ನೋಡುವುದು ಸರಿಯಾದ ಕ್ರಮ.

ಒಗ್ಗರಣೆಯಲ್ಲಿ ವಿಶೇಷ ಎಚ್ಚರ ಬೇಕು. ಇಂಡಕ್ಷನ್ ಒಲೆಯ ಮೇಲೆ ಎರಡು ಚಮಚ ಎಣ್ಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಗೆಯಾಡುತ್ತದೆ. ಸಾಸಿವೆ, ಇಂಗು, ಕರಿಬೇವು ಎಲ್ಲವನ್ನೂ ಕೈಯಳತೆಯಲ್ಲಿ ಇಟ್ಟುಕೊಂಡ ಮೇಲೆಯೇ ಕಡಮೆ ಅಂಕಿಯಲ್ಲಿ ಒಲೆ ಹಚ್ಚಬೇಕು. ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಅತ್ತ ಹೋಗಕೂಡದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯುವುದು ಮಹಾ ಪ್ರಮಾದ. ಒಲೆಯನ್ನು ಆರಿಸಿ, ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣಿಯುವವರೆಗೆ ಮುಟ್ಟದಿರಬೇಕು.

ಕೆಂಪಗೆ ಕಾಯುವ ಬಗೆಯ ಒಲೆಯಲ್ಲಿ ಆರಿಸಿದ ಮೇಲೂ ಬಹಳ ಹೊತ್ತು ಕಾವು ನಿಲ್ಲುತ್ತದೆ. ಇದನ್ನು ಮರೆತರೆ ಹಾಲು ಉಕ್ಕುತ್ತದೆ, ನೆನಪಿಟ್ಟರೆ ಲಾಭ. ಅನ್ನ ಮುಗಿಯಲು ಐದು ನಿಮಿಷ ಇರುವಾಗಲೇ ಆರಿಸಿದರೆ ಉಳಿದ ಕಾವಿನಲ್ಲಿಯೇ ಅದು ಅರಳುತ್ತದೆ. ಇಂಡಕ್ಷನ್ ಒಲೆಯಲ್ಲಿ ಆರಿಸಿದ ಕ್ಷಣವೇ ಉಕ್ಕು ಇಳಿಯುತ್ತದೆ. ಆದರೆ ಅನೇಕ ಸಣ್ಣ ಒಲೆಗಳು ಕಡಮೆ ಅಂಕಿಯಲ್ಲಿ ಬಿಟ್ಟು ಬಿಟ್ಟು ಕೆಲಸ ಮಾಡುವುದರಿಂದ ಶಾಂತವಾಗಿದ್ದ ಹಾಲು ಹಠಾತ್ತನೆ ಏಳುವುದುಂಟು. ಹಾಲಿನ ಬಳಿ ನಿಲ್ಲುವ ಹಳೆಯ ಪದ್ಧತಿಗೆ ಇಲ್ಲಿಯೂ ರಜೆಯಿಲ್ಲ.

ಖರ್ಚಿನ ಲೆಕ್ಕವೂ ಸರಳ. 25 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ಏರಿಸಲು, ನಷ್ಟವೇ ಇಲ್ಲದಿದ್ದರೆ, 0.087 ಯೂನಿಟ್ ವಿದ್ಯುತ್ತು ಬೇಕು. ಇಂಡಕ್ಷನ್ ಒಲೆ ಶಕ್ತಿಯಲ್ಲಿ ನೂರಕ್ಕೆ ಸುಮಾರು 85 ಪಾಲನ್ನು ಪಾತ್ರೆಗೆ ಮುಟ್ಟಿಸುವುದರಿಂದ ಆಗುವ ಖರ್ಚು ಸುಮಾರು ಯೂನಿಟ್ಟಿನ ಹತ್ತನೆಯ ಒಂದು ಭಾಗ. 2000 ವಾಟಿನ ಒಲೆಗೆ ಹಿಡಿಯುವ ಕಾಲ ಸುಮಾರು ಮೂರು ನಿಮಿಷ. ಮುಚ್ಚಳ ಮುಚ್ಚದಿದ್ದರೆ ಈ ಲೆಕ್ಕ ಮೇಲೇರುತ್ತದೆ.

ಗಾಜಿನ ಶತ್ರುಗಳು

ಕಾವಿಗೆ ಅಂಜದ ಈ ಗಾಜು ಪೆಟ್ಟಿಗೆ ಅಂಜುತ್ತದೆ. ಭಾರವಾದ ಕುಕ್ಕರ್ ಮೆಲ್ಲಗೆ ಕುಳಿತರೆ ಅದಕ್ಕೆ ಏನೂ ಆಗದು. ಮೇಲಿನ ಗೂಡಿನಿಂದ ಉಪ್ಪಿನಕಾಯಿಯ ಸಣ್ಣ ಶೀಶೆಯ ಮೂಲೆ ಬಂದು ಬಡಿದರೆ ಹಲಗೆ ಸೀಳಬಹುದು. ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬೀಳುವುದೇ ಇದಕ್ಕೆ ಕಾರಣ. ಒಲೆಯ ನೇರ ಮೇಲ್ಗಡೆಯ ಗೂಡಿನಲ್ಲಿ ಶೀಶೆ, ಕುಟ್ಟಾಣಿಗಳನ್ನು ಇಡದಿರುವುದು ಲೇಸು.

ಎರಡನೆಯ ಶತ್ರು ಸಕ್ಕರೆ. ಬೆಲ್ಲದ ಪಾಕವೋ ಪಾಯಸವೋ ಕಾದ ಗಾಜಿನ ಮೇಲೆ ಉಕ್ಕಿದರೆ ಅದು ಕರಗಿ ಅಂಟಿಕೊಂಡು, ತಣಿಯುವಾಗ ಬಿಗಿದು ಗಾಜಿನ ಹಕ್ಕಳೆಯನ್ನೇ ಕಿತ್ತು ಕುಳಿ ಬೀಳಿಸುತ್ತದೆ. ಉಳಿದ ಕಲೆಗಳನ್ನು ಗಾಜು ತಣಿದ ಮೇಲೆ ತೆಗೆಯಬೇಕು. ಸಕ್ಕರೆಯನ್ನೂ ಕರಗಿದ ಪ್ಲಾಸ್ಟಿಕ್ಕನ್ನೂ ಮಾತ್ರ ಬಿಸಿಯಿರುವಾಗಲೇ, ಒಲೆಯನ್ನು ಆರಿಸಿ, ಕೈಗೆ ದಪ್ಪ ಗವಸು ತೊಟ್ಟು, ಬ್ಲೇಡು ಕೂರಿಸಿದ ಹಿಡಿಯ ಹೆರೆಗತ್ತಿಯಿಂದ ಹೆರೆದು ತಣ್ಣನೆಯ ಭಾಗಕ್ಕೆ ಸರಿಸಬೇಕು.

ಮೂರನೆಯದು ಗೀರು. ಪಾತ್ರೆಯ ತಳಕ್ಕೆ ಅಂಟಿದ ಒಂದು ಹರಳು ಮರಳು ಸಾಕು, ಎಳೆದಾಗ ಗೆರೆ ಮೂಡುತ್ತದೆ. ಪಾತ್ರೆಯನ್ನು ಎಳೆಯದೆ ಎತ್ತಿಡುವುದನ್ನು ರೂಢಿಮಾಡಿಕೊಳ್ಳಬೇಕು. ತೊಳೆಯಲು ತೆಂಗಿನ ನಾರು, ಉಕ್ಕಿನ ಜುಂಗು, ಪಾತ್ರೆ ಬೆಳಗುವ ಪುಡಿ ಇವೊಂದೂ ಕೂಡದು. ಒದ್ದೆಯ ಮೆತ್ತನೆಯ ಬಟ್ಟೆ, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಸಾಕು. ಕೊಳವೆಬಾವಿಯ ಗಡುಸು ನೀರು ಬಿಟ್ಟ ಬಿಳಿಯ ಕಲೆಗೆ ತಣಿದ ಗಾಜಿನ ಮೇಲೆ ತುಸು ವಿನಿಗರ್ ಸವರಿ ಒರೆಸಬಹುದು. ಅಲ್ಯೂಮಿನಿಯಂ ಪಾತ್ರೆ ಬಿಟ್ಟ ಬೂದುಬಣ್ಣದ ಗೆರೆ ಗೀರಲ್ಲ, ಅಂಟಿದ ಲೋಹ. ಅದನ್ನು ತೆಗೆಯಲು ಈ ಗಾಜಿಗೆಂದೇ ಮಾರುವ ಲೇಪವಿದೆ.

ಮೈ ಕಾಯುವ ಮಾತು

ಒಲೆ ಆರಿದ ಮೇಲೆ ಫಲಕದಲ್ಲಿ ಇಂಗ್ಲಿಷಿನ 'ಎಚ್' ಅಕ್ಷರವೋ ಕೆಂಪು ಚುಕ್ಕಿಯೋ ಉಳಿದಿದ್ದರೆ ಗಾಜು ಇನ್ನೂ ಸುಡುವಷ್ಟು ಬಿಸಿಯಿದೆಯೆಂದು ಅರ್ಥ. ಉರಿ ಹೇಳುತ್ತಿದ್ದ ಮಾತನ್ನು ಇಲ್ಲಿ ಹೇಳುವುದು ಈ ಅಕ್ಷರವೊಂದೇ. ಓದು ಬಾರದ ಮಗುವಿಗೂ, ಕನ್ನಡಕ ಮರೆತ ಅಜ್ಜಿಗೂ ಅದು ಕಾಣಿಸದು. ವಿದ್ಯುತ್ತು ಹೋದಾಗ ಅಥವಾ ಗೋಡೆಯ ಸ್ವಿಚ್ಚನ್ನು ಆರಿಸಿದಾಗ ಅಕ್ಷರವೂ ಆರುತ್ತದೆ. ಗಾಜಿನ ಕಾವು ಆರುವುದಿಲ್ಲ. ಬಿಸಿಯಾದ ಗಾಜಿನ ಮೇಲೆ ನೀರು ತುಂಬಿದ ಪಾತ್ರೆಯೊಂದನ್ನು ಇಟ್ಟುಬಿಡುವುದು ಒಳ್ಳೆಯ ಅಭ್ಯಾಸ. ಕೈ ಅಲ್ಲಿಗೆ ಹೋಗದು, ನೀರೂ ಬೆಚ್ಚಗಾಗುತ್ತದೆ. ನುಣುಪಾದ ಮೇಲ್ಮೈಯೆಂದು ಅದನ್ನು ಮೇಜಿನಂತೆ ಬಳಸಿ ಪತ್ರಿಕೆ, ಒರೆಸುವ ಬಟ್ಟೆ, ಪ್ಲಾಸ್ಟಿಕ್ ಡಬ್ಬಿಗಳನ್ನು ಪೇರಿಸುವುದು ಅನಾಹುತಕ್ಕೆ ಆಹ್ವಾನ. ಬೆರಳು ಸೋಕಿದರೆ ಹೊತ್ತುವ ಒಲೆ ಬೆಕ್ಕಿನ ಕಾಲು ಸೋಕಿದರೂ ಹೊತ್ತಬಹುದು. ಮಕ್ಕಳಿರುವ ಮನೆಯಲ್ಲಿ ಬೀಗದ ಗುಂಡಿಯನ್ನು ತಪ್ಪದೆ ಒತ್ತಬೇಕು.

ಕೈ ಸುಟ್ಟರೆ ಕೂಡಲೆ ನಲ್ಲಿಯ ತಣ್ಣೀರಿನ ಧಾರೆಯಡಿ 20 ನಿಮಿಷ ಹಿಡಿಯಬೇಕು. ಬೆಣ್ಣೆ, ಹಲ್ಲುಜ್ಜುವ ಪೇಸ್ಟು, ಮಂಜುಗಡ್ಡೆ ಇವುಗಳಿಂದ ಕೇಡೇ ಹೆಚ್ಚು. ಚರ್ಮ ಬೊಕ್ಕೆಯೆದ್ದರೆ, ಸುಟ್ಟದ್ದು ಮಗುವಿಗಾದರೆ, ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಒಲೆಯಲ್ಲಿ ಅಡುಗೆ ನಿಲ್ಲಬೇಕು. ಉಕ್ಕಿದ ಸಾರು ಬಿರುಕಿನಲ್ಲಿಳಿದು ವಿದ್ಯುತ್ತಿನ ಭಾಗಗಳನ್ನು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಗೋಡೆಯ ಸ್ವಿಚ್ಚನ್ನು ಆರಿಸಿ, ರಿಪೇರಿಯವರನ್ನು ಕರೆಸಬೇಕು. 2000 ವಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ ಇದನ್ನು ನಡೆಸುವ ಮನೆಗಳಲ್ಲಿ ಪ್ಲಗ್ಗು ಕಮರುವುದು ಇದರಿಂದಲೇ. 16 ಆಂಪಿಯರಿನ ಪವರ್ ಪ್ಲಗ್, ಸರಿಯಾದ ಅರ್ಥಿಂಗ್ ಇರಲೇಬೇಕು. ಇಂಡಕ್ಷನ್ ಒಲೆಯ ಕೆಳಗಿನ ಗಾಳಿಯ ಕಿಂಡಿಗಳಿಗೆ ಬಟ್ಟೆ, ಹಾಳೆ ಅಡ್ಡವಾಗಬಾರದು. ಆರಿಸಿದ ಮೇಲೂ ಒಳಗಿನ ಫ್ಯಾನು ತಿರುಗುತ್ತಿದ್ದರೆ ಅದು ತಾನಾಗಿ ನಿಲ್ಲುವವರೆಗೆ ಪ್ಲಗ್ಗನ್ನು ಕೀಳಬಾರದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಉರಿಯುತ್ತಿರುವ ಇಂಡಕ್ಷನ್ ಒಲೆಯಿಂದ ಎರಡು ಅಡಿಯಷ್ಟಾದರೂ ದೂರವಿದ್ದು, ತಮ್ಮ ವೈದ್ಯರನ್ನು ಕೇಳಿಕೊಳ್ಳುವುದು ಕ್ಷೇಮ.

'ಉರಿಯುತ್ತಿರುವ' ಎಂಬ ಮಾತು ಉರಿಯೇ ಇಲ್ಲದ ಒಲೆಗೂ ಇನ್ನೂ ಸಲ್ಲುತ್ತಿದೆ. ಭಾಷೆ ಹಳೆಯದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಬೆಂಕಿಯ ಮುಂದೆ ಮೈಯೆಲ್ಲ ಕಣ್ಣಾಗಿರಬೇಕೆಂಬ ಹಿರಿಯರ ಎಚ್ಚರವನ್ನು ಈ ಕಪ್ಪು ಗಾಜಿನ ಮುಂದೆಯೂ ಉಳಿಸಿಕೊಳ್ಳಬೇಕು. ಹೊಸ ಒಲೆಯನ್ನು ಮನೆಗೆ ತಂದ ದಿನ ಹಾಲು ಉಕ್ಕಿಸುವುದಕ್ಕೆ ಮೊದಲು ಮನೆಯ ಹಿರಿಯರನ್ನೂ ಮಕ್ಕಳನ್ನೂ ಅಡುಗೆ ಕೆಲಸಕ್ಕೆ ಬರುವವರನ್ನೂ ಹತ್ತಿರ ಕರೆದು ಆ 'ಎಚ್' ಅಕ್ಷರವನ್ನು ತೋರಿಸಿ, ಬೀಗದ ಗುಂಡಿಯನ್ನು ಒತ್ತಿಸಿ, ಗೋಡೆಯ ಸ್ವಿಚ್ಚು ಎಲ್ಲಿದೆಯೆಂದು ತಿಳಿಸಿದರೆ ಅರ್ಧ ಅಪಾಯ ಅಂದೇ ಕಳೆದಂತೆ.